ಬಿಳಿ ಬಂಡೆ, ಕರಿ ಹಂದಿ

ನಾನು ಜೀವಮಾನದಲ್ಲಿ ಬೇಟೆಗೆ ಹೋಗಿದ್ದು ಒಂದೇ ಸಲ. ಆ ಬೇಟೆಯಲ್ಲಿ ಕೋವಿ ಇರಲಿಲ್ಲ, ನಾಯಿ ಇರಲಿಲ್ಲ, ಬಲೆ ಇರಲಿಲ್ಲ. ಹಾಡಹಗಲು. ಫಾರೆಸ್ಟ್ ಗಾರ್ಡೇ ಛತ್ರಿ ಹಿಡಿದುಕೊಂಡು ನಮ್ಮ ಜೊತೆ ಬಂದಿದ್ದರು. ಇದ್ದದ್ದು ಎರಡು ತಮಟೆ, ನನ್ನ ಮಾವನ ಹಿತ್ತಾಳೆ ಕೊಂಬು, ಮತ್ತು ಮದರಾಸಿನಿಂದ ನಮ್ಮ ಕಾರ್ಖಾನೆಗೆ ಬಂದಿದ್ದ, ಬಿಸಿಯನ್ನು ಕಣ್ಣಿಗೆ ತೋರಿಸುವ ಒಂದು ಕ್ಯಾಮೆರಾ.

ಕ್ಯಾಮೆರಾದಿಂದಲೇ ಶುರು ಮಾಡುತ್ತೇನೆ. ಕ್ರಮ ತಪ್ಪಿದರೆ ನನಗೆ ಬರೆಯಲಾಗುವುದಿಲ್ಲ. ಈಗ ಶಿವಮೊಗ್ಗದ ಗೋಪಾಳದ ಮನೆಯಲ್ಲಿ ನಿವೃತ್ತನಾಗಿ ಕೂತಿದ್ದರೂ ಸಂತೆಯಿಂದ ತಂದ ಬೆಂಡೆಕಾಯಿಯನ್ನು ಉದ್ದದ ಪ್ರಕಾರ ಜೋಡಿಸಿಡುವವನು ನಾನು. ಕಾರ್ಖಾನೆಯ ಸೈರನ್ನಿಗೆ ಎದ್ದು, ಸೈರನ್ನಿಗೆ ಉಂಡು, ಸೈರನ್ನಿಗೆ ಮಲಗಿದ ದೇಹ. ಅದಕ್ಕೆ ಬೇರೆ ಏನೂ ಗೊತ್ತಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸು. ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ನಾನು ಕುಲುಮೆ ವಿಭಾಗದ ಫೋರ್‌ಮನ್ ಆಗಿದ್ದೆ. ಕುಲುಮೆಯ ಒಳಗೋಡೆಗೆ ಬೆಂಕಿ ತಡೆಯುವ ಇಟ್ಟಿಗೆ ಕಟ್ಟಿರುತ್ತಾರೆ. ಆ ಇಟ್ಟಿಗೆ ಎಲ್ಲಿ ಸವೆದು ತೆಳುವಾಗಿದೆಯೋ ಅಲ್ಲಿ ಹೊರಗಿನ ಕಬ್ಬಿಣದ ಕವಚ ಹೆಚ್ಚು ಕಾಯುತ್ತದೆ. ಆ ಜಾಗವನ್ನು ಮೊದಲೇ ಕಂಡುಹಿಡಿಯುವುದು ನಮ್ಮ ಕೆಲಸ. ನಮ್ಮ ವಿಧಾನ ನಿಮ್ಮ ಅಡುಗೆಮನೆಯದೇ. ದೋಸೆ ಕಾವಲಿಗೆ ನೀರು ಚಿಮುಕಿಸಿ ನೋಡುವ ಹಾಗೆ ಕವಚಕ್ಕೆ ನೀರು ಚಿಮುಕಿಸುವುದು. ಚುಂಯ್ ಎಂದು ಬೇಗ ಆರಿದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕುವುದು.

ಇದನ್ನು ನೋಡಿ ಮೇಲಿನವರಿಗೆ ನಾಚಿಕೆಯಾಯಿತೋ ಏನೋ, ಬಿಸಿ ನೋಡುವ ಕ್ಯಾಮೆರಾವೊಂದನ್ನು ಕೊಳ್ಳುವ ಮೊದಲು ಪರೀಕ್ಷಿಸಿ ನೋಡೋಣ ಎಂದು ಮಾರುವ ಕಂಪನಿಯವರನ್ನು ಕರೆಸಿದರು. ಕಂಪನಿಯಿಂದ ಒಬ್ಬ ಎಂಜಿನಿಯರ್ ಬಂದರು. ಮೂವತ್ತು ದಾಟಿರಲಿಕ್ಕಿಲ್ಲ, ತಮಿಳಿನವರು. ನಮ್ಮ ಕಾಲೊನಿಯಲ್ಲಿ ತಮಿಳು ಮಾತಾಡುವವರಿಗೆ ಕೊರತೆ ಇಲ್ಲದ್ದರಿಂದ ಅವರಿಗೆ ಒಂದೇ ದಿನದಲ್ಲಿ ಊರು ಸ್ವಂತದ್ದಾಯಿತು. ಮದುವೆಮನೆಯ ವಿಡಿಯೋ ಕ್ಯಾಮೆರಾದಂತೆಯೇ ಇದ್ದ ಆ ಯಂತ್ರವನ್ನು ಅವರು ಹೆಗಲಿನಿಂದ ಇಳಿಸುತ್ತಲೇ ಇರಲಿಲ್ಲ. ಅದರ ಬೆಲೆಗೆ ಅವರೇ ಜವಾಬ್ದಾರರಂತೆ. ಲಾಡ್ಜಿನಲ್ಲಿ ಅದನ್ನು ಪಕ್ಕದಲ್ಲಿ ಮಲಗಿಸಿಕೊಂಡು ಹೊದಿಕೆ ಹೊದಿಸುತ್ತೇನೆ ಎಂದು ಅವರೇ ಹೇಳಿದರು.

ಯಂತ್ರದ ನಿಯಮ ಸರಳ. ಬಿಸಿಯಾದದ್ದು ಬಿಳಿ, ತಣ್ಣಗಿರುವುದು ಕಪ್ಪು, ನಡುವಿನದೆಲ್ಲ ಬೂದಿ ಬಣ್ಣ. ಮೊದಲ ದಿನ ಅವರು ಅದನ್ನು ನಮ್ಮ ಕಡೆಗೇ ತಿರುಗಿಸಿದರು. ಎಲ್ಲರ ಹಣೆ ಬಿಳಿ. ಆಗಷ್ಟೇ ಚಹಾ ಕುಡಿದು ಬಂದವನ ಬಾಯಿ ಟ್ಯೂಬ್‌ಲೈಟಿನ ಹಾಗೆ ಹೊಳೆಯಿತು. ಸಾಹೇಬರ ಖಾಲಿ ಕುರ್ಚಿಯ ಮೇಲೆ ಎರಡು ದುಂಡನೆಯ ಬಿಳಿ ಗುರುತು ಕಾಣಿಸಿ, ಅವರು ಬರುವ ಮೊದಲು ಅದರಲ್ಲಿ ಯಾರು ಕೂತಿದ್ದರು ಎಂಬ ಬಗ್ಗೆ ಸ್ವಲ್ಪ ಹೊತ್ತು ವಿಚಾರಣೆಯೂ ನಡೆಯಿತು. ಆಮೇಲೆ ಕುಲುಮೆಯ ಕಡೆ ಹಿಡಿದೆವು. ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ. ನಾವು ಇಷ್ಟು ವರ್ಷ ನೀರು ಚಿಮುಕಿಸಿ ಹುಡುಕಿದ್ದೂ ಬಿಳಿಯನ್ನೇ, ಯಂತ್ರ ತೋರಿಸಿದ್ದೂ ಬಿಳಿಯನ್ನೇ. ಬಿಳಿಯನ್ನು ಹುಡುಕು ಎಂಬುದೇ ನಮ್ಮ ವಿಭಾಗದ ಧರ್ಮವಾಗಿತ್ತು.

ಇನ್ನು ಮಾವ.

ನನ್ನ ಹೆಂಡತಿಯ ಅಪ್ಪನ ಊರು ಭದ್ರಾವತಿಯಿಂದ ಒಂದು ಬಸ್ಸು ಹಿಡಿದರೆ ಸಿಗುವ, ಕಾಡಿನ ಅಂಚಿಗೆ ಅಂಟಿಕೊಂಡ ಸಣ್ಣ ಊರು. ಯುಗಾದಿಯ ಮಾರನೆಯ ದಿನ ಹೊಸತೊಡಕು. ಆ ದಿನ ಏನು ಮಾಡಿದರೂ ವರ್ಷವಿಡೀ ಅದೇ ನಡೆಯುತ್ತದೆ ಎಂಬ ನಂಬಿಕೆಯಿಂದ ಹಿಂದೆ ಊರಿನ ಗಂಡಸರೆಲ್ಲ ಬೇಟೆಗೆ ಹೋಗುತ್ತಿದ್ದರಂತೆ. ಮೊದಲು ಹೊಡೆದವನಿಗೆ ತಲೆಯ ಪಾಲು. ಬೇಟೆ ನಿಷೇಧವಾದ ಮೇಲೆ ಆ ಊರಿನವರು ಬೇಟೆಯನ್ನು ಬಿಡಲಿಲ್ಲ, ಹೊಡೆಯುವುದನ್ನು ಮಾತ್ರ ಬಿಟ್ಟರು. ಬೆಳಿಗ್ಗೆ ಊರ ಹಿಂದಿನ ಗೋಮಾಳದ ಗುಡ್ಡಕ್ಕೆ ಹೋಗಿ ಕಾಡುಪ್ರಾಣಿಯೊಂದನ್ನು ನೋಡಿ, ಅದನ್ನು ಎಬ್ಬಿಸಿ ಕಾಡಿಗೆ ಓಡಿಸಿ, ವಾಪಸು ಬಂದು ಪೇಟೆಯಿಂದ ತಂದ ಕುರಿಮಾಂಸ ತಿನ್ನುವುದು. ಕುರಿಯ ತಲೆಯ ಪಾಲು, ಪ್ರಾಣಿ ತೋರಿಸಿದವನಿಗೆ. ಗಾರ್ಡಿಗೂ ಊಟವಿತ್ತು.

ಆ ಬೇಟೆಯ ಯಜಮಾನಿಕೆ ನನ್ನ ಮಾವನದು. ಯಜಮಾನಿಕೆಯ ಗುರುತು ಅವರ ಅಜ್ಜನ ಕಾಲದ ಹಿತ್ತಾಳೆ ಕೊಂಬು. ಯಜಮಾನ ಪ್ರಾಣಿಯನ್ನು ಕಂಡ ಕಡೆ ಕೈ ತೋರಿಸಿ ಕೊಂಬು ಊದಬೇಕು. ತಮಟೆಯವರು ಅಲ್ಲಿಗೆ ಹೋಗಿ ಬಾರಿಸಬೇಕು. ಪ್ರಾಣಿ ಎದ್ದು ಓಡಬೇಕು. ಮೂರು ಸಲ ಊದಲು ಅವಕಾಶ. ಮೂರೂ ಖಾಲಿಯಾದರೆ, ಅಥವಾ ಮನೆಯ ಹಿತ್ತಲಿನಲ್ಲಿ ನಿಂತು ಅತ್ತೆ ಊಟಕ್ಕೆ ತಟ್ಟೆ ಬಡಿದು ಕರೆಯುವ ತನಕ ಏನೂ ಎದ್ದೇಳದಿದ್ದರೆ, ಕೊಂಬು ಬೇರೆಯವರ ಕೈಗೆ. ಮಾವನ ತಮ್ಮ, ಅಂದರೆ ನನ್ನ ಚಿಕ್ಕಮಾವ, ಆ ಬೇರೆಯವರಾಗಲು ಬಹಳ ವರ್ಷಗಳಿಂದ ಕಾಯುತ್ತಿದ್ದರು. ಹಿಂದಿನ ವರ್ಷ ಮಾವ ಕಡವೆ ಎಂದು ತೋರಿಸಿದ್ದು ಎಮ್ಮೆಯಾಗಿತ್ತು. ಅದು ಚಿಕ್ಕಮಾವನ ಕೊಟ್ಟಿಗೆಯದೇ ಎಮ್ಮೆ. ಹಬ್ಬದ ದಿನ ಎಂದು ಆ ಸಲ ಬಿಟ್ಟುಕೊಟ್ಟಿದ್ದರು. ಈ ಸಲ ಬಿಡುವುದಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದರು.

ಯುಗಾದಿಗೆ ವಾರವಿರುವಾಗ ಮಾವನನ್ನು ನಾನೇ ಶಿವಮೊಗ್ಗದ ಸವಳಂಗ ರಸ್ತೆಯ ಕಣ್ಣಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋಗಿದ್ದೆ. ಎರಡೂ ಕಣ್ಣಿಗೆ ಪೊರೆ ಬಲಿತಿದೆ, ಆಪರೇಷನ್ ಆಗಲೇಬೇಕು, ತಡ ಮಾಡಬೇಡಿ ಎಂದರು ಡಾಕ್ಟರು. ಹೊರಗೆ ಬಂದು ಎಳನೀರು ಕುಡಿಯುವಾಗ ಮಾವ ನನ್ನ ಕೈ ಹಿಡಿದುಕೊಂಡರು.

"ಅಳಿಯಂದ್ರೆ, ಈ ವಿಷಯ ನಮ್ಮ ನಡುವೆ ಇರ್ಲಿ. ಊರಲ್ಲಿ ಗೊತ್ತಾದ್ರೆ ನನ್ನ ತಮ್ಮ ಗುಡ್ಡ ಹತ್ತೋಕೆ ಮುಂಚೇನೇ ಕೊಂಬು ಕಿತ್ಕೋತಾನೆ."

"ತೊಡಕಿಗೆ ಮುಂಚೆ ಆಪರೇಷನ್ ಆಗೋದಿಲ್ಲ ಮಾವ. ಮುಗಿದ ಮಾರನೇ ವಾರಕ್ಕೆ ದಿನ ಬರೆಸ್ತೀನಿ."

"ಬರೆಸಿ. ಆದ್ರೆ ಒಂದು ಮಾತು. ಕೊಂಬು ಅವನ ಕೈಗೆ ಹೋದ್ರೆ ನಾನು ಈ ಆಸ್ಪತ್ರೆ ಮೆಟ್ಲು ಹತ್ತೋಲ್ಲ. ಅವನು ಕೊಂಬು ಊದೋದನ್ನ ನೋಡೋಕೆ ನಂಗೆ ಹೊಸ ಕಣ್ಣು ಯಾಕೆ?"

ಇದು ತಮಾಷೆಯಲ್ಲ ಎಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಹಟದಲ್ಲಿ ಅವರು ಎಂಥವರೆಂದರೆ, ಒಮ್ಮೆ ಉಪ್ಪು ಹೆಚ್ಚಾಯಿತೆಂದು ಅಂದದ್ದಕ್ಕೆ ಅತ್ತೆ ಬೇಸರ ಮಾಡಿಕೊಂಡರೆಂದು ಆಮೇಲೆ ಉಪ್ಪಿಲ್ಲದ ಸಾರನ್ನೂ ಚೆನ್ನಾಗಿದೆ ಎಂದೇ ಉಂಡವರು. ಕೊಂಬು ಹೋದರೆ ಕಣ್ಣೂ ಹೋಗುವುದು ಖಂಡಿತ. ನನ್ನ ಹೆಂಡತಿಗೆ ಹೇಳಿದೆ. ಅವಳು ಸ್ವಲ್ಪ ಯೋಚಿಸಿ, "ನಿಮ್ಮ ಫ್ಯಾಕ್ಟ್ರಿಗೆ ಅದೇನೋ ಕತ್ತಲಲ್ಲೂ ಕಾಣೋ ಕ್ಯಾಮೆರಾ ಬಂದಿದೆ ಅಂತಿದ್ರಲ್ಲ?" ಎಂದಳು.

ಎಂಜಿನಿಯರು ಹೇಗೂ ಹಬ್ಬದ ರಜೆಯಲ್ಲಿ ಲಾಡ್ಜಿನಲ್ಲಿ ಒಬ್ಬರೇ ಕೂರಬೇಕಾಗಿತ್ತು. ಹೋಳಿಗೆ ಊಟಕ್ಕೆ ಕರೆದು ವಿಷಯ ಹೇಳಿದೆ. ಸಕ್ರೆಬೈಲಿನಲ್ಲಿ ಆನೆ ನೋಡುವ ಆಸೆ ಇಟ್ಟುಕೊಂಡಿದ್ದವರು, ಕಾಡುಪ್ರಾಣಿ ಎಂದ ಕೂಡಲೇ ಆನೆಯನ್ನು ಮುಂದಕ್ಕೆ ಹಾಕಿದರು. ಎಸ್‌ಟಿಡಿ ಬೂತಿನಿಂದ ತಮ್ಮ ಆಫೀಸಿಗೆ ಫೋನು ಮಾಡಿ ಕೇಳಿದರು. ಹೊರಗಿನ ಬಿಸಿಲಲ್ಲಿ ಹೇಗೆ ಕೆಲಸ ಮಾಡುತ್ತದೆ ನೋಡಿ ಬಂದು ಹೇಳು ಎಂದು ಅಲ್ಲಿಂದ ಅಪ್ಪಣೆಯಾಯಿತು.

ತೊಡಕಿನ ದಿನ ಬೆಳಗಿನ ಮೊದಲ ಬಸ್ಸಿನಲ್ಲಿ ಹೊರಟೆವು. ದಾರಿಯಲ್ಲಿ ಎಂಜಿನಿಯರು ಉತ್ಸಾಹ ತಡೆಯಲಾರದೆ ಕಿಟಕಿಯ ಗಾಜಿನಿಂದ ಆಚೆಗೆ ಕ್ಯಾಮೆರಾ ಹಿಡಿದರು. ಆಚೆ ಗದ್ದೆಯೂ ಇಲ್ಲ, ಎತ್ತೂ ಇಲ್ಲ, ಬರೀ ಬೂದಿ. ಬಿಸಿ ಗಾಜಿನಲ್ಲಿ ಹಾದು ಬರುವುದಿಲ್ಲ, ಇದಕ್ಕೆ ಗಾಜೂ ಒಂದೇ, ಗೋಡೆಯೂ ಒಂದೇ ಎಂದು ವಿವರಿಸಿದರು. ಊರು ತಲುಪಿ ಇದನ್ನು ಮಾವನಿಗೆ ಹೇಳಿದಾಗ ಅವರಿಗೆ ಯಂತ್ರದ ಮೇಲೆ ಪ್ರೀತಿಯೇ ಬಂತು.

"ಗಾಜಿನಾಚೆ ಏನೂ ಕಾಣಲ್ವಾ? ಹಂಗಾದ್ರೆ ಇದಕ್ಕೂ ಪೊರೆ ಇದೆ ಅನ್ನಿ, ಪಾಪ."

ಚಿಕ್ಕಮಾವ ಜಗಲಿಯ ಮೇಲೆ ಕೂತು ಮೀಸೆ ತೀಡುತ್ತಿದ್ದರು. ಅವರ ಬೀಗರು, ಎಂದರೆ ಮಗಳ ಮಾವ, ಹಬ್ಬಕ್ಕೆಂದು ತೀರ್ಥಹಳ್ಳಿ ಕಡೆಯಿಂದ ಬಂದಿದ್ದರು. ಇಸ್ತ್ರಿ ಪಂಚೆಯ, ಗಂಭೀರ ಮನುಷ್ಯರು. ಬೆಳಿಗ್ಗೆಯೇ ಎದ್ದು ಎಲ್ಲಿಗೋ ವಾಕಿಂಗ್ ಹೋಗಿದ್ದರಂತೆ. ಯಂತ್ರ ಬೇಟೆಗೆ ಬರಬಹುದೇ ಎಂದು ನಾನೇ ನಿಯಮದ ಪ್ರಕಾರ ಕೇಳಿದೆ. ಕೇಳದೆ ಮಾಡಿದ ಕೆಲಸಕ್ಕೆ ಆಮೇಲೆ ತಕರಾರು ಬರುತ್ತದೆ.

ಚಿಕ್ಕಮಾವ ನಕ್ಕರು. "ತಗೊಂಬನ್ನಿ ಅಳಿಯಂದ್ರೆ, ರೇಡಿಯೋನೂ ತಗೊಂಬನ್ನಿ. ಅಣ್ಣ ಬೇಕಾದ್ರೆ ಅದ್ರಲ್ಲೇ ಕಣ್ಣಿಟ್ಟು ನೋಡ್ಲಿ. ಆದ್ರೆ ಕೈ ತೋರ್ಸೋದು ಅವನೇ, ಊದೋದೂ ಅವನೇ. ಮೂರೇ ಸಲ."

"ಮೂರು ಯಾಕೋ? ಒಂದು ಸಾಕು," ಎಂದರು ಮಾವ.

"ಎಮ್ಮೆ ಕಟ್ಟಾಕಿ ಬಂದಿದೀನಿ ಅಣ್ಣ. ಅದನ್ನ ಲೆಕ್ಕಕ್ಕೆ ಇಟ್ಕೋಬೇಡ."

ಗುಡ್ಡ ದೊಡ್ಡದಲ್ಲ. ಕೆಳಗೆ ಲಂಟಾನ ಪೊದೆ, ನಡುವೆ ಕುರುಚಲು ಮತ್ತು ಕರಿಬಂಡೆ, ಒಂದು ಪಕ್ಕದಲ್ಲಿ ಬೇಸಿಗೆಗೆ ಬತ್ತಿದ ಹಳ್ಳ, ಹಳ್ಳದ ದಂಡೆಗೆ ಬಿದಿರು. ಹಳ್ಳದ ಆಚೆ ಕಾಡು ಶುರು. ನಾನು ಗುಡ್ಡವನ್ನು ಕುಲುಮೆಯ ಕವಚದ ಹಾಗೆ ಭಾಗ ಮಾಡಿದೆ. ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ, ಒಂದು ಪಟ್ಟಿ ಮುಗಿಯದೆ ಇನ್ನೊಂದಕ್ಕೆ ಹೋಗಬಾರದು. ಬೇಟೆಯಲ್ಲಿ ಯಾರೂ ಹೀಗೆ ನಿಂತು ಪಟ್ಟಿ ಎಳೆದದ್ದನ್ನು ಊರವರು ನೋಡಿರಲಿಲ್ಲ. ಗಾರ್ಡು ಛತ್ರಿ ಊರಿಕೊಂಡು, "ಸರ್ವೇ ಮಾಡ್ತಿದೀರಾ ಸಾರ್?" ಎಂದು ಕೇಳಿದರು.

ಇಬ್ಬನಿ ಇನ್ನೂ ಆರಿರಲಿಲ್ಲ. ಯಂತ್ರ ಆ ಹೊತ್ತಿನಲ್ಲಿ ನಿಜವಾಗಿಯೂ ಬೆರಗು ಹುಟ್ಟಿಸಿತು. ಗಿಡ, ಕಲ್ಲು, ನೆಲ ಎಲ್ಲ ಒಂದೇ ಕಪ್ಪು ಬೂದಿ. ಅದರ ಮೇಲೆ ಕೂತ ಮೈನಾ ಹಕ್ಕಿ ಕೂಡ ಬಿಳಿ ಅಕ್ಕಿಕಾಳಿನಂತೆ ಕಾಣುತ್ತಿತ್ತು. ಮೂರನೆಯ ಪಟ್ಟಿಗೆ ಬಂದಾಗ ಎಂಜಿನಿಯರು ಉಸಿರು ಹಿಡಿದರು.

"ಸಾರ್, ಪನ್ನಿ! ಹಂದಿ ಸಾರ್, ದೊಡ್ಡ ಹಂದಿ!"

ಲಂಟಾನ ಪೊದೆಯ ಸಂದಿಯಲ್ಲಿ ಕುಳ್ಳಗೆ, ದುಂಡಗೆ, ಅಲುಗಾಡದೆ ಒಂದು ಬಿಳಿ ಆಕಾರ. ನಾನೂ ನೋಡಿದೆ. ಮಾವನ ಕಿವಿಯಲ್ಲಿ ದಿಕ್ಕು ಹೇಳಿದೆ. ಮಾವ ಕೈ ತೋರಿಸಿ ಕೊಂಬು ಊದಿದರು. ಆ ವಯಸ್ಸಿಗೆ ಅಂಥ ಉಸಿರು! ಗುಡ್ಡವೇ ಮಾರ್ದನಿ ಕೊಟ್ಟಿತು. ತಮಟೆಯವರು ಓಡಿದರು, ಡಂಡಂ ಎಂದು ಪೊದೆಯ ನೆತ್ತಿಗೇ ಬಾರಿಸಿದರು.

ಆಕಾರ ಎದ್ದಿತು. ಎದ್ದು ನಿಂತಾಗ ಒಂದು ಕೈಯಲ್ಲಿ ತಂಬಿಗೆ ಇತ್ತು, ಇನ್ನೊಂದು ಕೈಯಲ್ಲಿ ಪಂಚೆಯ ಮುದ್ದೆ ಇತ್ತು.

"ಎದ್ದೈತೆ, ಎದ್ದೈತೆ! ಬಿಡಬೇಡ್ರೋ, ಹಳ್ಳದ ಕಡೆ ಅಟ್ಟಿ!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವರು ಚಿಕ್ಕಮಾವ. ತಮಟೆಯವನು ಬಾರಿಸುವುದನ್ನು ನಿಲ್ಲಿಸಿ, "ಗೌಡ್ರೇ, ಅದು ನಿಮ್ಮ ಬೀಗ್ರು," ಎಂದ.

ಬೀಗರು ಅಷ್ಟು ಹೊತ್ತಿಗೆ ಹಳ್ಳ ದಾಟಿದ್ದರು. ಗಂಭೀರ ಮನುಷ್ಯರು ಓಡುವಾಗಲೂ ಹಿಂದೆ ತಿರುಗಿ ನೋಡಲಿಲ್ಲ. ಗಾರ್ಡು ಛತ್ರಿಯನ್ನು ಅಡ್ಡ ಹಿಡಿದುಕೊಂಡು ಅದರ ಹಿಂದೆ ನಗುತ್ತಿದ್ದರು. ಮಾವ ಮಾತ್ರ ನಗಲಿಲ್ಲ.

"ಎದ್ದು ಓಡಬೇಕು ಅಂತ ತಾನೇ ನಿಯಮ? ಎದ್ದಿತು. ಓಡಿತು. ಮುಗೀತು, ಮನೆಗೆ ನಡೀರಿ."

"ಏನಣ್ಣಾ ಇದು! ನಮ್ಮ ಬೀಗ್ರನ್ನ ಬೇಟೆಗೆ ಸೇರಿಸ್ತೀಯಾ?"

"ಅಟ್ಟಿ ಅಂದಿದ್ದು ಯಾರೋ? ನಾನಾ?"

ನ್ಯಾಯಕ್ಕೆ ನಾನೇ ನಿಂತೆ. ಬೀಗರು ಕಾಡುಪ್ರಾಣಿಯಲ್ಲ, ಆದ್ದರಿಂದ ಒಂದು ಕೂಗು ಖರ್ಚು ಎಂದು ತೀರ್ಪು ಕೊಟ್ಟೆ. ಮಾವ ನನ್ನ ಕಡೆ ಅಳಿಯನನ್ನು ನೋಡುವ ಹಾಗೆ ನೋಡಲಿಲ್ಲ.

ಬಿಸಿಲು ಏರಿತು. ಯಂತ್ರದ ಒಳಗಿನ ಲೋಕ ನಿಧಾನವಾಗಿ ಬದಲಾಗುವುದಕ್ಕೆ ಶುರುವಾಯಿತು. ಮೊದಲು ಕಪ್ಪಾಗಿದ್ದ ಬಂಡೆಗಳು ಬೂದಿಯಾದವು, ಬೂದಿಯಿಂದ ಬೆಳ್ಳಗಾದವು. ಹುತ್ತಗಳು ಹೊಳೆದವು. ಒಣಹುಲ್ಲು ಹೊಳೆಯಿತು. ನೆಲದ ಮೇಲೆ ಬಿದ್ದಿದ್ದ ಯಾರದೋ ಹಳೆಯ ಚಪ್ಪಲಿ ಕೂಡ ನಕ್ಷತ್ರವಾಯಿತು. ಎಂಜಿನಿಯರು ಗುಂಡಿ ತಿರುಗಿಸಿದರು, ಬ್ಯಾಟರಿ ಬದಲಿಸಿದರು, ಕೊನೆಯ ಬ್ಯಾಟರಿ ಎಂದೂ ಹೇಳಿದರು. ಎತ್ತ ಹಿಡಿದರೂ ಬಿಳಿಯ ಜಾತ್ರೆ. ಇದರಲ್ಲಿ ಯಾವ ಬಿಳಿಗೆ ಜೀವವಿದೆ, ಯಾವುದಕ್ಕಿಲ್ಲ?

ನಾನು ಶಿಸ್ತು ಬಿಡಲಿಲ್ಲ. ಎಲ್ಲಕ್ಕಿಂತ ಬಿಳಿಯಾದದ್ದನ್ನು ಹುಡುಕಿದೆ. ನಮ್ಮ ವಿಭಾಗದ ಧರ್ಮ ಅದು. ಸಿಕ್ಕಿತು. ಗುಡ್ಡದ ನೆತ್ತಿಗೆ ಸ್ವಲ್ಪ ಕೆಳಗೆ ಒಂದು ದೊಡ್ಡ ಬಿಳಿ ಆಕಾರ, ಅದರ ಹಿಂದೆ ಸಾಲಾಗಿ ನಾಲ್ಕು ಸಣ್ಣವು.

"ತಾಯಿ, ಹಿಂದೆ ಮರಿಗಳು," ಎಂದರು ಎಂಜಿನಿಯರು. ನನಗೂ ಹಾಗೇ ಕಂಡಿತು. ಮಾವ ಬರಿಗಣ್ಣಿನಿಂದ ಆ ಕಡೆ ನೋಡಿ, "ಹೌದೌದು, ಕಾಣ್ತಿದೆ," ಎಂದರು. ಅವರಿಗೆ ಗುಡ್ಡವೇ ಕಾಣುತ್ತಿತ್ತೋ ಇಲ್ಲವೋ. ಎರಡನೆಯ ಸಲ ಕೊಂಬು ಕೂಗಿತು.

ತಮಟೆಯವರು ಹತ್ತಿದರು, ಅವರ ಹಿಂದೆ ಚಿಕ್ಕಮಾವನೂ ಹತ್ತಿದರು. ಎಷ್ಟು ಬಾರಿಸಿದರೂ ತಾಯಿ ಕದಲಲಿಲ್ಲ, ಮರಿಗಳೂ ಕದಲಲಿಲ್ಲ. ಚಿಕ್ಕಮಾವ ಕೈಯಿಂದ ಒಮ್ಮೆ ಥಟ್ಟನೆ ತಡವಿ ನೋಡಿ, ಪಂಚೆ ಸರಿಮಾಡಿಕೊಂಡು, ಎಲ್ಲರಿಗೂ ಕಾಣುವಂತೆ ತಾಯಿಯ ಮೇಲೆ ಕೂತರು.

"ಅಣ್ಣೋ! ನಿನ್ನ ಹಂದಿ ಬೆನ್ನ ಮೇಲೇ ಕೂತಿದೀನಿ! ಎಷ್ಟು ಸಾಧು ಪ್ರಾಣಿ ನೋಡು, ಕಚ್ಚೋದೂ ಇಲ್ಲ, ಒದಿಯೋದೂ..."

ಮಾತು ಮುಗಿಯಲಿಲ್ಲ. ಅವರು ಎಗರಿ ಎದ್ದು, ಎರಡೂ ಕೈಯಿಂದ ಹಿಂದೆ ಒರೆಸಿಕೊಳ್ಳುತ್ತ ಕುಣಿಯುವುದಕ್ಕೆ ಶುರು ಮಾಡಿದರು. "ಅಯ್ಯಯ್ಯೋ ಸುಡ್ತದೆ ಮಾರಾಯ, ಕಾವಲಿ ಇದ್ದಂಗಿದೆ!"

ಕೆಳಗೆ ನಿಂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾವ ನಗಲಿಲ್ಲ. ಒಂದೇ ಕೂಗು ಉಳಿದಿತ್ತು. ಹಿತ್ತಲಿನ ಕಡೆಯಿಂದ ಒಗ್ಗರಣೆಯ ವಾಸನೆ ಗುಡ್ಡದವರೆಗೂ ಬರುತ್ತಿತ್ತು, ಅಂದರೆ ಅತ್ತೆ ಇನ್ನೇನು ತಟ್ಟೆ ಬಡಿಯುವವರೇ. ಮಾವ ಕೊಂಬನ್ನು ಹೆಗಲುವಸ್ತ್ರದಲ್ಲಿ ಒರೆಸಿದರು. ಬೇರೆಯವರಿಗೆ ಒಪ್ಪಿಸುವ ವಸ್ತುವನ್ನು ಒರೆಸುವ ಹಾಗೆ, ಒಳಗೂ ಹೊರಗೂ ಒರೆಸಿದರು.

ನಾನೂ ನಗಲಿಲ್ಲ. ಕಾವಲಿ ಎಂಬ ಮಾತು ನನ್ನೊಳಗೆ ಚುಂಯ್ ಎಂದಿತ್ತು. ಪಕ್ಕದಲ್ಲಿದ್ದ ಬಂಡೆಯ ಮೇಲೆ ಅಂಗೈ ಇಟ್ಟೆ. ಇಟ್ಟುಕೊಂಡಿರಲಾಗಲಿಲ್ಲ. ಆಮೇಲೆ ಅದೇ ಅಂಗೈಯನ್ನು ನನ್ನ ಮುಂಗೈ ಮೇಲೆ ಇಟ್ಟೆ. ತಂಪೆನಿಸಿತು.

ಬಂಡೆ ನನಗಿಂತ ಬಿಸಿ. ಬಂಡೆ ನನಗಿಂತ ಬಿಸಿಯಾದರೆ ಹಂದಿಗಿಂತಲೂ ಬಿಸಿ. ಬೆಳಗಿನ ತಂಪಿನಲ್ಲಿ ಜೀವ ಇರುವುದು ಬಿಳಿ. ಸುಡು ಬಿಸಿಲಿನಲ್ಲಿ ಜೀವ ಇಲ್ಲದ್ದೇ ಬಿಳಿ. ನಾವು ಕುಲುಮೆಯವರು ತಪ್ಪನ್ನು ಹುಡುಕುವುದೇ ಬಿಳಿಯಲ್ಲಿ ಎಂಬ ಅಭ್ಯಾಸದಿಂದ ಕಲ್ಲನ್ನು ಬೇಟೆಯಾಡುತ್ತಿದ್ದೆವು. ಕುಲುಮೆಯಲ್ಲೂ ತಂಪು ನೀರು ಹರಿಯುವ ಕೊಳವೆಗಳು ಕಪ್ಪಾಗಿ ಕಂಡಿದ್ದವು. ಅವುಗಳತ್ತ ನಾವು ಯಾರೂ ಎರಡನೇ ಸಲ ತಿರುಗಿ ನೋಡಿರಲಿಲ್ಲ.

"ಕಪ್ಪು ಹುಡುಕಿ," ಎಂದೆ ಎಂಜಿನಿಯರಿಗೆ.

"ಸಾರ್, ಕಪ್ಪು ಅಂದ್ರೆ ನೆರಳು ಎಲ್ಲಾ ಕಪ್ಪೇ ಸಾರ್."

"ನೆರಳಿಗಿಂತ ಕಪ್ಪು. ಬಿದಿರಿನ ಕಡೆಯಿಂದ ಶುರು ಮಾಡಿ. ಎಡದಿಂದ ಬಲಕ್ಕೆ."

ಅವರು ಗುಂಡಿಗಳನ್ನು ತಿರುಗಿಸಿ, ಬಂಡೆಗಳ ಬಿಳಿಯನ್ನು ಅದರ ಪಾಡಿಗೆ ಬಿಟ್ಟು, ತಂಪು ಕಡೆಯ ಬೂದಿಯನ್ನೇ ಬಿಡಿಸಿ ತೋರುವಂತೆ ಯಂತ್ರವನ್ನು ಹೊಂದಿಸಿದರು. ಹಳ್ಳದ ದಂಡೆಯ ಬಿದಿರಿನ ನೆರಳು ತಿಳಿಬೂದಿಯಾಗಿ ತೆರೆದುಕೊಂಡಿತು. ಒಂದು ಪಟ್ಟಿ ಮುಗಿಯಿತು. ಎರಡನೆಯ ಪಟ್ಟಿಯ ನಡುವಿನಲ್ಲಿ ಮಸಿ ಬಳಿದಂತೆ ಒಂದು ಮಚ್ಚೆ ಕಾಣಿಸಿತು. ಮಗುಚಿ ಹಾಕಿದ ಬಾಣಲೆಯ ಆಕಾರ.

"ನೀರಿನ ಗುಂಡಿ ಇರಬಹುದು ಸಾರ್."

ನಾನು ಮಾವನನ್ನು ಕೇಳಿದೆ. "ಆ ಬಿದಿರ ಬುಡದಲ್ಲಿ ನೀರಿದೆಯಾ ಮಾವ?"

"ಶಿವರಾತ್ರಿ ಆದ್ಮೇಲೆ ಆ ಹಳ್ಳದಲ್ಲಿ ಕಾಗೆಗೂ ನೀರು ಸಿಗಲ್ಲ," ಎಂದ ಮಾವ, ಹೇಳುತ್ತ ಹೇಳುತ್ತಲೇ ಒರೆಸುವುದನ್ನು ನಿಲ್ಲಿಸಿದರು. "ಯಾಕೆ? ತಣ್ಣಗಿರೋದು ಏನಾದ್ರೂ ಇದೆಯಾ ಅಲ್ಲಿ?"

"ಇದೆ."

"ಕೆರೆ ಕೆಸರಲ್ಲಿ ಹೊರಳಾಡಿ ಬಂದು ಮಲಗಿದ್ದರೆ?" ಅವರ ದನಿ ತಗ್ಗಿತು. "ಕೊಡಿ ಇಲ್ಲಿ."

ಎಂಜಿನಿಯರು ಅಷ್ಟು ದಿನ ಯಾರ ಕೈಗೂ ಕೊಡದ ಯಂತ್ರವನ್ನು ಹೆಗಲಿನ ಪಟ್ಟಿ ಬಿಚ್ಚದೆಯೇ, ತಾವೇ ಬಗ್ಗಿ, ಮಾವನ ಕಣ್ಣಿಗೆ ಇಟ್ಟರು. ಕಣ್ಣಿಡುವ ತೂತಿನ ಸುತ್ತ ಕನ್ನಡಕದವರಿಗೆಂದು ಒಂದು ಬಳೆ ಇತ್ತು, ಅದನ್ನು ತಿರುಗಿಸಿದರು. ದೂರದ ಗುಡ್ಡ ಕಾಣದ ಕಣ್ಣಿಗೆ ರೆಪ್ಪೆಯ ಹತ್ತಿರದ ಪುಟ್ಟ ಪರದೆಯ ಕಪ್ಪು ಬಿಳುಪು ಕಂಡಿತು. ಮಾವ ಅಲ್ಲಾಡಲಿಲ್ಲ. ಒಬ್ಬರ ಹೆಗಲಿನ ಯಂತ್ರಕ್ಕೆ ಇನ್ನೊಬ್ಬರು ಜೋತುಬಿದ್ದು, ಇಬ್ಬರೂ ಒಂದೇ ಪ್ರಾಣಿಯ ಹಾಗೆ ನಿಂತಿದ್ದರು.

"ಮಸಿ ಮಚ್ಚೆ ಕಾಣ್ತಿದೆ. ಅದರ ತುದೀಲಿ ಒಂದು ಬಿಳಿ ಚುಕ್ಕೆ. ಬಂತು. ಹೋಯ್ತು. ಈಗ ಮತ್ತೆ ಬಂತು."

"ಚುಕ್ಕೆಯಾ?" ನಾನು ಅದನ್ನು ನೋಡಿರಲಿಲ್ಲ.

"ಕಿವಿ ಕಣ್ರೀ! ನೊಣ ಓಡಿಸ್ತಿದೆ. ಕೆಸರು ಮೈಗೆ ಬಳಕೊಂಡಿದೆ, ಕಿವಿಗೆ ಹತ್ತಿಲ್ಲ."

ಅದೇ ಹೊತ್ತಿಗೆ ಹಿತ್ತಲಿನಿಂದ ಅತ್ತೆಯ ತಟ್ಟೆಯ ಮೊದಲ ಸದ್ದು ಬಂತು. ಅದು ಎರಡನೆಯ ಸದ್ದಾಗುವುದಕ್ಕೆ ಮಾವ ಬಿಡಲಿಲ್ಲ. ಕೈ ನೀಡಿ ಬಿದಿರಿನ ಬುಡ ತೋರಿಸಿ ಊದಿದರು. ಮೊದಲೆರಡು ಸಲ ಊದಿದ್ದು ಏನೂ ಅಲ್ಲ ಎನ್ನುವ ಹಾಗಿತ್ತು ಆ ಕೂಗು. ತಮಟೆಯವರು ಇನ್ನೂ ಅರ್ಧ ದಾರಿಯಲ್ಲಿದ್ದರು, ಬಿದಿರು ಒಡೆದಂತೆ ಸದ್ದಾಯಿತು. ಕೆಸರು ಮೆತ್ತಿದ, ಕುತ್ತಿಗೆಯ ಮೇಲೆ ಕೂದಲು ನಿಗುರಿದ ಒಂಟಿ ಸಲಗ ಹಂದಿ ಎದ್ದು ನಿಂತು ನಮ್ಮನ್ನೆಲ್ಲ ಒಂದು ಸಲ ನೋಡಿತು.

ಆಮೇಲೆ ಕಾಡಿನ ಕಡೆ ಹೋಗುವ ಬದಲು ಗುಡ್ಡದ ಕಡೆಗೇ ಒಂದಿಷ್ಟು ದೂರ ಓಡಿ ಬಂತು.

ಎಲ್ಲರೂ ಸಿಕ್ಕ ಸಿಕ್ಕಲ್ಲಿಗೆ ಹತ್ತಿದರು. ಗಾರ್ಡು ಮರ ಹತ್ತಿದರು, ಛತ್ರಿ ಕೆಳಗೇ ಉಳಿಯಿತು. ನಾನೂ ಎಂಜಿನಿಯರೂ ಯಂತ್ರವನ್ನು ನಡುವೆ ಅಪ್ಪಿಕೊಂಡು ಒಂದು ಹುತ್ತದ ಹಿಂದೆ ಕೂತೆವು. ಚಿಕ್ಕಮಾವನಿಗೆ ಹತ್ತಿರದಲ್ಲಿ ಸಿಕ್ಕಿದ್ದು ಅದೇ ಬಂಡೆ. ಹತ್ತಿದರು. ಇಳಿಯುವ ಹಾಗಿಲ್ಲ, ನಿಲ್ಲುವ ಹಾಗಿಲ್ಲ. ಚಪ್ಪಲಿ ಬಿದ್ದುಹೋದ ಬರಿಗಾಲಿನಲ್ಲಿ ಆ ಬಿಳಿ ಹಂದಿಯ ಬೆನ್ನ ಮೇಲೆ ಅವರು ಒಂದು ಕಾಲು ಎತ್ತಿ ಇನ್ನೊಂದು ಕಾಲು ಇಟ್ಟು ಕುಣಿದರು. ಕರಿ ಹಂದಿ ಸ್ವಲ್ಪ ಹೊತ್ತು ನಿಂತು ಆ ಕುಣಿತವನ್ನು ನೋಡಿ, ತನಗೆ ಇದರಲ್ಲಿ ಕೆಲಸವಿಲ್ಲ ಎಂಬಂತೆ ತಿರುಗಿ ಹಳ್ಳ ದಾಟಿ ಕಾಡಿಗೆ ಹೋಯಿತು.

ಊಟದಲ್ಲಿ ಕಡುಬಿನ ಜೊತೆ ಕುರಿಯ ತಲೆಯ ಪಾಲು ಮಾವನ ಎಲೆಗೆ ಬಂತು. ಅವರು ಅದರಲ್ಲಿ ಒಂದು ಪಾಲನ್ನು ಎಂಜಿನಿಯರಿಗೆ ಹಾಕಿಸಿದರು. ಎಂಜಿನಿಯರು ಶುದ್ಧ ಸಸ್ಯಾಹಾರಿ ಎಂದು ಆಗ ತಿಳಿಯಿತು. ಅವರ ಎಲೆಯನ್ನು ಬದಲಿಸಿ, ಹಿಂದಿನ ದಿನದ ಹೋಳಿಗೆ ಬಡಿಸಿದರು. ಬೀಗರು ಒಳಕೋಣೆಯಲ್ಲೇ ಊಟ ಮಾಡಿ ಮಧ್ಯಾಹ್ನದ ಬಸ್ಸಿಗೆ ಹೋದರು. ಚಿಕ್ಕಮಾವ ಎಲ್ಲರೊಂದಿಗೆ ಉಂಡರು, ಆದರೆ ನಿಂತುಕೊಂಡು.

ಕೊಂಬು ಉಳಿದಿದ್ದರಿಂದ ಮಾವ ಮಾತು ತಪ್ಪಲಿಲ್ಲ. ಗೊತ್ತುಮಾಡಿದ ದಿನ ಸವಳಂಗ ರಸ್ತೆಯ ಆಸ್ಪತ್ರೆಯ ಮೆಟ್ಟಿಲನ್ನು ನನಗಿಂತ ಮುಂದಾಗಿ ಹತ್ತಿದರು. ಕೈಚೀಲದಲ್ಲಿ ಕೊಂಬೂ ಇತ್ತು. ಮನೆಯಲ್ಲಿ ಬಿಟ್ಟು ಬಂದರೆ ಕಷ್ಟ ಎಂದರು.

ಅಲ್ಲಿ ಮೊದಲು ಕಣ್ಣಿಗೆ ಔಷಧದ ಹನಿ ಹಾಕಿ, ಕಣ್ಣು ಮುಚ್ಚಿಸಿ, ಸಾಲು ಬೆಂಚಿನ ಮೇಲೆ ಕೂರಿಸುತ್ತಾರೆ. ನಾನು ಚೀಟಿ ಮಾಡಿಸಿಕೊಂಡು ಬರುವಷ್ಟರಲ್ಲಿ ಮಾವ ಕಣ್ಣು ಮುಚ್ಚಿ, ಚೀಲ ಅಪ್ಪಿಕೊಂಡು, ಪಕ್ಕದಲ್ಲಿ ಕೂತವರಿಗೆ ಆಗಲೇ ಕತೆ ಶುರು ಮಾಡಿಬಿಟ್ಟಿದ್ದರು. ಪಕ್ಕದವರೂ ಕಣ್ಣು ಮುಚ್ಚಿಕೊಂಡು, ಟವೆಲ್ಲನ್ನು ಮುಖದವರೆಗೂ ಹೊದ್ದುಕೊಂಡು ಕೂತಿದ್ದರು.

"...ಹಂದಿ ಅಂದ್ರೆ ಎಂಥಾ ಹಂದಿ! ಇಷ್ಟು ದೂರ ಇತ್ತು, ನಾನು ಒಂದೇ ನೋಟಕ್ಕೆ ಹಿಡಿದುಬಿಟ್ಟೆ. ನಮ್ಮ ತಮ್ಮ ಇದಾನಲ್ಲ, ಅವನಿಗೆ ಕಣ್ಣೇನೋ ಚೆನ್ನಾಗಿದೆ, ಧೈರ್ಯ ಮಾತ್ರ ಇಲ್ಲ. ಬಂಡೆ ಮೇಲೆ ಹತ್ತಿ ಕುಣಿಯೋಕೆ ಶುರು ಮಾಡ್ಬಿಟ್ಟ. ಭಯಕ್ಕೆ!"

ಟವೆಲ್ಲಿನ ಕೆಳಗಿಂದ ಇಳಿಬಿದ್ದಿದ್ದ ಮೀಸೆ ನನಗೆ ಗುರುತು ಸಿಕ್ಕಿತು. ಪಕ್ಕದಲ್ಲಿ ಚಿಕ್ಕಮಾವನ ಮಗ ನಿಂತಿದ್ದ. ಅವನು ನನ್ನನ್ನು ನೋಡಿ, ಹೇಳಬೇಡಿ ಎಂದು ಕಣ್ಣಲ್ಲೇ ಬೇಡಿಕೊಂಡ. ಬೀಗರನ್ನು ಅಟ್ಟಿ ಎಂದು ಕೂಗಿದ್ದು ಯಾಕೆ, ಕೂರುವ ಮೊದಲು ಬಂಡೆಯನ್ನು ಕೈಯಿಂದ ತಡವಿದ್ದು ಯಾಕೆ, ಮುಂದೆ ತನಗೂ ಬೇಕಾಗಬಹುದಾದ ಯಂತ್ರವನ್ನು ತರಲಿ ಎಂದು ಅಷ್ಟು ಧಾರಾಳವಾಗಿ ಒಪ್ಪಿದ್ದು ಯಾಕೆ, ಎಲ್ಲವೂ ನನಗೆ ಅಲ್ಲಿ ಸಾಲಾಗಿ ಹೊಂದಿಕೊಂಡವು.

ಟವೆಲ್ಲು ಒಮ್ಮೆ ಅಲುಗಿತು. ಆಮೇಲೆ ಮಾತಾಡಿತು.

"ಭಯ ಅಲ್ಲ ಅಣ್ಣ. ಬಂಡೆ ಬಿಸಿ ಇತ್ತು."

ಮಾವ ಕಣ್ಣು ಬಿಡಲಿಲ್ಲ. ಹನಿ ಹಾಕಿದ ಮೇಲೆ ಬಿಡಬಾರದೆಂದು ನರ್ಸು ಹೇಳಿದ್ದರು. ಒಂದು ಕೈಯಿಂದ ಚೀಲವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡರು. ಇನ್ನೊಂದು ಕೈಯಿಂದ ಬೆಂಚನ್ನು ತಡವಿ ತಡವಿ ತಮ್ಮನ ಮೊಣಕಾಲು ಹುಡುಕಿ ಫಟ್ ಎಂದು ಒಂದೇಟು ಕೊಟ್ಟರು.

"ಕಳ್ಳ! ನಿಂಗೂ ಪೊರೆಯಾ? ಮೊದ್ಲು ಕಣ್ಣು ಮಾಡಿಸ್ಕೋ. ಆಮೇಲೆ ಕೊಂಬು ಕೇಳೀಯಂತೆ."

"ಆಮೇಲೆ ಕೊಡ್ತೀಯಾ?"

"ಕೊಡಲ್ಲ. ಕೇಳೋಕೆ ಹೇಳ್ದೆ ಅಷ್ಟೇ."

ನರ್ಸು ಬಂದು ಗಲಾಟೆ ಮಾಡಬಾರದೆಂದು ಇಬ್ಬರನ್ನೂ ಗದರಿದರು. ಯಾರು ಮೊದಲು ಒಳಗೆ ಹೋಗಬೇಕು ಎಂದು ಕೇಳಿದಾಗ ನಾನೇ ಮುಂದೆ ಬಂದು, ಎಡದಿಂದ ಬಲಕ್ಕೆ ಎಂದೆ.